ಫ್ಲೂಕ್ ಮೀನಿಗೆ ಯಾವ ಲೂರ್, ಹೇಗೆ ಕಟ್ಟುವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ನ್ಯೂಜೆರ್ಸಿಯ ಎಡಿಸನ್ ಊರ ಕಡೆಯ ಗೆಳೆಯರು, ಅವರ ಗೆಳೆಯರು, ಊರಿಂದ ಹೊಸದಾಗಿ ಬಂದವರು. "ಯಾವ ಬಣ್ಣದ್ದು ತಗೊಳ್ಳಲಿ?" ಅನ್ನುವುದೇ ಲೂರ್ (ಎರೆಯಂತೆ ಕಟ್ಟುವ ಕೃತಕ ಬೇಟೆ) ಬಗ್ಗೆ ಎಲ್ಲರ ಮೊದಲ ಮಾತು. ನಾನು ಕುಂದಾಪುರದ ಕಡೆಯವನು. ಗಾಳ ಹಾಕುವುದನ್ನು ಕಲಿತದ್ದು ಅಳಿವೆಯ ಬದಿಯಲ್ಲಿ, ಚಿಕ್ಕವನಿದ್ದಾಗ. ಫ್ಲೂಕ್ ಹಿಡಿಯುವುದನ್ನು ಮಾತ್ರ ನ್ಯೂಜೆರ್ಸಿಯ ದೋಣಿಗಳಲ್ಲೇ ಕಲಿತೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ. ಬಣ್ಣದ ಪ್ರಶ್ನೆಗೂ ಉತ್ತರ ಇದೆ. ಆದರೆ ಅದಕ್ಕಿಂತ ಮೊದಲು ತೂಕದ ವಿಷಯ ಓದಿ.

ಫ್ಲೂಕ್ ಅಂದರೆ ನಮ್ಮ ನಂಗು ಮೀನೇನಾ?

ಅಲ್ಲ, ಆದರೆ ದೂರದ ನೆಂಟ. ಎರಡೂ ಚಪ್ಪಟೆ ಮೀನು, ಎರಡಕ್ಕೂ ಎರಡು ಕಣ್ಣೂ ಎಡಗಡೆಯ ಮೈ ಮೇಲೇ ಇರುತ್ತವೆ. ಮರಿಯಾಗಿದ್ದಾಗ ಎಲ್ಲ ಮೀನಿನ ಹಾಗೆ ಎರಡೂ ಬದಿಗೆ ಒಂದೊಂದು ಕಣ್ಣು ಇರುತ್ತದೆ. ಬೆಳೆಯುತ್ತಾ ಬಲಗಣ್ಣು ಮೆಲ್ಲಗೆ ತಲೆ ದಾಟಿ ಎಡಕ್ಕೆ ಬಂದು ಕೂರುತ್ತದೆ. ಆಮೇಲೆ ಬಲಬದಿ ನೆಲಕ್ಕೆ, ಎಡಬದಿ ಮೇಲಕ್ಕೆ.

ವ್ಯತ್ಯಾಸ ಇರುವುದು ಬಾಯಿಯಲ್ಲಿ. ನಂಗು ನಾಲಗೆಯ ಹಾಗೆ ಉದ್ದ, ಬಾಯಿ ಪುಟ್ಟದು, ಕೆಸರಿನ ಹುಳ ಹೆಕ್ಕಿ ತಿನ್ನುವ ಜಾತಿ. ಫ್ಲೂಕ್ ಅಗಲ ಮೈಯದು. ಬಾಯಿ ತೆರೆದರೆ ಸಾಲು ಸಾಲು ಚೂಪು ಹಲ್ಲು. ಮರಳಿನಲ್ಲಿ ಮೈ ಹುದುಗಿಸಿ, ಕಣ್ಣು ಮಾತ್ರ ಹೊರಗಿಟ್ಟು, ಸೆಳೆತಕ್ಕೆ ಮುಖ ಮಾಡಿ ಹೊಂಚು ಹಾಕುತ್ತದೆ. ನೀರು ತೇಲಿಸಿಕೊಂಡು ಬರುವ ಸಣ್ಣ ಮೀನು, ಬೊಂಡಾಸ್ (ಸ್ಕ್ವಿಡ್), ಸಿಗಡಿ ತಲೆ ಮೇಲೆ ಹಾಯುವಾಗ ಮೇಲಕ್ಕೆದ್ದು ಲಬಕ್ಕನೆ ಹಿಡಿಯುತ್ತದೆ. ಈ ಒಂದು ಚಿತ್ರ ತಲೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರಿಂದಲೇ ಬರುತ್ತದೆ.

ಇದರ ಪುಸ್ತಕದ ಹೆಸರು ಸಮ್ಮರ್ ಫ್ಲೌಂಡರ್. ವಿಂಟರ್ ಫ್ಲೌಂಡರ್ ಬೇರೆ ಮೀನು. ಅದರ ಕಣ್ಣು ಬಲಗಡೆ, ಬಾಯಿ ಚಿಕ್ಕದು.

ಎಷ್ಟು ದೊಡ್ಡದಾಗುತ್ತದೆ?

ನಾವು ಹಿಡಿಯುವುದು ಹೆಚ್ಚಾಗಿ ಒಂದರಿಂದ ನಾಲ್ಕು ಪೌಂಡ್. ಹತ್ತು ಪೌಂಡ್ ದಾಟಿದರೆ ಇಲ್ಲಿಯವರು ಅದನ್ನು "ಡೋರ್‌ಮ್ಯಾಟ್" ಅನ್ನುತ್ತಾರೆ, ಬಾಗಿಲ ಮುಂದಿನ ಕಾಲೊರಸಿನಷ್ಟು ಅಗಲ ಅಂತ. ವಿಶ್ವ ದಾಖಲೆಯ ಮೀನು 22 ಪೌಂಡ್ 7 ಔನ್ಸ್, 1975ರಲ್ಲಿ ಲಾಂಗ್ ಐಲ್ಯಾಂಡಿನ ತುದಿಯ ಮೊಂಟಾಕ್‌ನಲ್ಲಿ ಸಿಕ್ಕಿದ್ದು. ಅಂದರೆ ಹತ್ತು ಕಿಲೋಗಿಂತ ಜಾಸ್ತಿ.

ಯಾವಾಗ, ಎಲ್ಲಿ ಹೋಗಬೇಕು?

ಚಳಿಗಾಲವನ್ನು ಈ ಮೀನು ದೂರದ ಆಳ ಸಮುದ್ರದಲ್ಲಿ ಕಳೆಯುತ್ತದೆ. ವಸಂತದಲ್ಲಿ ದಡದ ಕಡೆ ಬರುತ್ತದೆ. ಮೇ, ಜೂನ್‌ನಲ್ಲಿ ಹಿನ್ನೀರು ಮತ್ತು ಕೊಲ್ಲಿಗಳಲ್ಲಿ ಹುಡುಕಿ: ರಾರಿಟನ್ ಬೇ, ಶಾರ್ಕ್ ರಿವರ್, ಬಾರ್ನೆಗಾಟ್ ಬೇ. ಆಗ ನೀರಿನ್ನೂ ತಣ್ಣಗಿರುತ್ತದೆ. ಇಳಿತದ ಹೊತ್ತಿಗೆ, ಬಿಸಿಲಿಗೆ ಕಾದ ಕೆಸರು ಬಯಲಿನ ನೀರು ಕಾಲುವೆಗೆ ಇಳಿದು ಬರುತ್ತದಲ್ಲ, ಆ ಬೆಚ್ಚಗಿನ ನೀರಿನ ದಾರಿಯಲ್ಲಿ ಮೀನು ಕಾದಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ದೊಡ್ಡವು ಅಳಿವೆ ದಾಟಿ ಹೊರಗೆ ಹೋಗುತ್ತವೆ. ಸ್ಯಾಂಡಿ ಹುಕ್ ಸುತ್ತಲಿನ ಕಾಲುವೆಗಳು, ಸೀ ಗರ್ಟ್ ರೀಫ್, ಕೇಪ್ ಮೇ ರೀಫ್‌ನಂಥ ಕೃತಕ ಬಂಡೆಗಳ ಅಂಚು ಆಗ ಒಳ್ಳೆಯ ಜಾಗ. ಸೆಪ್ಟೆಂಬರ್‌ನಲ್ಲಿ ವಾಪಸ್ ಹೊರಟ ಮೀನು ಅಳಿವೆ ಬಾಯಲ್ಲಿ ಸಿಗುತ್ತದೆ.

ಲೈಸೆನ್ಸ್ ಬೇಕಾ? ಎಷ್ಟು ಉದ್ದದ ಮೀನು ಇಟ್ಟುಕೊಳ್ಳಬಹುದು?

ನ್ಯೂಜೆರ್ಸಿಯಲ್ಲಿ ಉಪ್ಪುನೀರಿನ ಗಾಳಕ್ಕೆ ದುಡ್ಡಿನ ಲೈಸೆನ್ಸ್ ಇಲ್ಲ. ಆದರೆ 16 ವರ್ಷ ತುಂಬಿದವರು ರಾಜ್ಯದ ಉಚಿತ ನೋಂದಣಿ ಮಾಡಿಸಿಕೊಳ್ಳಬೇಕು.

ಅಳತೆ ವರ್ಷ ವರ್ಷ ಬದಲಾಗುತ್ತದೆ. 2022ರಲ್ಲಿ 17ರಿಂದ 18 ಇಂಚಿನ ಒಳಗಿನವು ಎರಡು, 18 ದಾಟಿದ್ದು ಒಂದು ಎಂದಿತ್ತು. 2024ರಲ್ಲಿ ಹೆಚ್ಚಿನ ಕಡೆ 18 ಇಂಚು, ದಿನಕ್ಕೆ ಮೂರು ಆಯಿತು. ಡೆಲವೇರ್ ಕೊಲ್ಲಿಗೆ ಮತ್ತು ಐಲ್ಯಾಂಡ್ ಬೀಚ್ ಸ್ಟೇಟ್ ಪಾರ್ಕ್‌ನ ದಡಕ್ಕೆ ಬೇರೆ ಲೆಕ್ಕ. ನ್ಯೂಯಾರ್ಕಿನ ನೀರಿಗೆ ಹೋದರೆ ಮತ್ತೊಂದು. ಹೊರಡುವ ಹಿಂದಿನ ರಾತ್ರಿ ರಾಜ್ಯದ ಮೀನುಗಾರಿಕೆ ವಿಭಾಗದ ಪುಟ ತೆರೆದು ಆ ವರ್ಷದ ನಿಯಮ ನೋಡಿ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 18 ಇಂಚು ದಾಟಿದ ಫ್ಲೂಕ್‌ಗಳಲ್ಲಿ ಹೆಚ್ಚಿನವು ಹೆಣ್ಣು. ಒಂದೊಂದಕ್ಕೂ ಲೆಕ್ಕ ಇದೆ.

ಅಂಗಡಿಯಲ್ಲಿ ಗೋಡೆ ತುಂಬ ಲೂರ್ ನೇತು ಹಾಕಿದ್ದಾರೆ. ಮೊದಲು ಏನು ಕೊಳ್ಳಲಿ?

ಬಕ್‌ಟೇಲ್ ಜಿಗ್. ಬೇರೇನೂ ಬೇಡ. ಸೀಸದ ತಲೆ, ಅದರ ಹಿಂದೆ ಒಂದು ಗಾಳ, ಗಾಳದ ಸುತ್ತ ಜಿಂಕೆ ಬಾಲದ ಕೂದಲಿನ ಕುಚ್ಚು. ಇಷ್ಟೇ. ನೀರಿಗಿಳಿದರೆ ಆ ಕೂದಲು ಉಸಿರಾಡುವ ಹಾಗೆ ಅರಳಿ ಮುಚ್ಚುತ್ತದೆ. ತಲೆ ಕೆಳಗಾಗಿ ಬಿದ್ದಾಗ ಸಣ್ಣ ಮೀನು ಮರಳಿಗೆ ಮೂತಿ ಹಾಕಿದಂತೆ ಕಾಣುತ್ತದೆ.

ಬಿಳಿ ಬಣ್ಣದ್ದನ್ನೇ ನಾಲ್ಕು ತೂಕದಲ್ಲಿ ತಗೊಳ್ಳಿ: 1, 2, 3, 4 ಔನ್ಸ್. ಹಿನ್ನೀರಿಗೂ ಹೋಗುವವರಾದರೆ ಅರ್ಧ ಔನ್ಸಿನದು ಒಂದು ಸೇರಿಸಿ. ಒಂದೇ ತೂಕದಲ್ಲಿ ಆರು ಬಣ್ಣ ತಂದವರ ಪೆಟ್ಟಿಗೆ ನೋಡಲು ಚಂದ. ಆದರೆ ಸೆಳೆತ ಜೋರಾದ ದಿನ ಆರಕ್ಕೆ ಆರೂ ಕೆಲಸಕ್ಕೆ ಬರುವುದಿಲ್ಲ.

ತೂಕ ಎಷ್ಟಿರಬೇಕು? ಅದೇ ಮುಖ್ಯ ಅಂತ ಯಾಕೆ ಹೇಳುತ್ತೀರಿ?

ಫ್ಲೂಕ್ ತಳದ ಮೀನು. ಒಂದೆರಡು ಅಡಿ ಮೇಲೆದ್ದು ಬೇಟೆ ಆಡುತ್ತದೆ, ಕೆಲವೊಮ್ಮೆ ಸ್ವಲ್ಪ ಹೆಚ್ಚು. ನಿಮ್ಮ ಲೂರ್ ತಳದಿಂದ ಎಂಟು ಅಡಿ ಮೇಲೆ ತೇಲುತ್ತಿದ್ದರೆ ಅದು ಎಷ್ಟೇ ಚಂದ ಇರಲಿ, ಮೀನಿನ ಪಾಲಿಗೆ ಇಲ್ಲವೇ ಇಲ್ಲ.

ನಾನು ಇದನ್ನು ಕಲಿತದ್ದು ಬೆಲ್ಮಾರಿನಿಂದ ಹೊರಡುವ ಒಂದು ದೋಣಿಯಲ್ಲಿ. ಮೊದಲ ವರ್ಷ. ನನ್ನ ಪಕ್ಕ ವಯಸ್ಸಾದ ಒಬ್ಬರು ನಿಂತಿದ್ದರು, ಅಲ್ಲಿಯವರೇ. ಎರಡು ಗಂಟೆಯಲ್ಲಿ ಏಳೆಂಟು ಮೀನು ಎತ್ತಿದರು. ನನಗೆ ಒಂದೂ ಇಲ್ಲ. ಅವರದೂ ಬಿಳಿ ಬಕ್‌ಟೇಲ್, ನನ್ನದೂ ಬಿಳಿ ಬಕ್‌ಟೇಲ್. ಕೊನೆಗೆ ಅವರೇ ನನ್ನ ದಾರವನ್ನು ಬೆರಳಲ್ಲಿ ಎತ್ತಿ ನೋಡಿದರು. ದಾರ ದೋಣಿಯಿಂದ ದೂರಕ್ಕೆ, ಹೆಚ್ಚು ಕಡಿಮೆ ನೀರಿಗೆ ಸಮವಾಗಿ ಓಡಿತ್ತು. ನನ್ನ 2 ಔನ್ಸಿನ ಜಿಗ್ ಬಿಚ್ಚಿ ಅವರ ಡಬ್ಬಿಯಿಂದ 4 ಔನ್ಸಿನದು ಕಟ್ಟಿಕೊಟ್ಟರು. ದಾರ ನೆಟ್ಟಗೆ ಕೆಳಗಿಳಿಯಿತು. ತಳ ಮುಟ್ಟಿದ "ಟಕ್" ಕೈಗೆ ಬಂತು. ಐದು ನಿಮಿಷದಲ್ಲಿ ಮೊದಲ ಮೀನು.

ಅಂದಾಜಿಗೆ ಹತ್ತು ಅಡಿ ಆಳಕ್ಕೆ ಒಂದು ಔನ್ಸ್ ಎಂದು ಶುರು ಮಾಡಿ. ಹಿನ್ನೀರಿನ ಎಂಟು ಹತ್ತು ಅಡಿಗೆ ಅರ್ಧದಿಂದ ಒಂದು. ಕಾಲುವೆ, ಅಳಿವೆಯ ಇಪ್ಪತ್ತು ಅಡಿಗೆ ಎರಡರ ಸುತ್ತಮುತ್ತ. ಹೊರಗಡೆಯ ಐವತ್ತು ಅರವತ್ತು ಅಡಿಗೆ ಈ ಲೆಕ್ಕಕ್ಕಿಂತ ಕಡಿಮೆ, ನಾಲ್ಕೇ ಸಾಕು; ಗಾಳಿ ಬೀಸಿದರೆ ಆರು. ಆಮೇಲೆ ದಾರದ ಓರೆ ನೋಡಿ. ನೆಟ್ಟಗೆ ಕೆಳಗೆ ಅಥವಾ ಸ್ವಲ್ಪ ವಾಲಿ ಇದ್ದರೆ ಸರಿ. ಅರ್ಧಕ್ಕಿಂತ ಹೆಚ್ಚು ಮಲಗಿದರೆ ತೂಕ ಏರಿಸಿ. ತಳ ಮುಟ್ಟುತ್ತಿರುವಷ್ಟರಲ್ಲಿ ಆದಷ್ಟು ಹಗುರವಾದದ್ದೇ ಒಳ್ಳೆಯದು. ಅತಿ ಭಾರ ಕಟ್ಟಿದರೆ ಕಲ್ಲು ಎಳೆದಂತೆ ಆಗುತ್ತದೆ, ಕಚ್ಚಿದ್ದು ಕೈಗೆ ಗೊತ್ತಾಗುವುದಿಲ್ಲ.

ಒಂದೇ ದಿನದಲ್ಲಿ ನಾಲ್ಕೈದು ಸಲ ತೂಕ ಬದಲಿಸುವುದು ಮಾಮೂಲು. ನೀರು ಏರುವಾಗ 3, ನಿಂತಾಗ 1, ಇಳಿಯುವಾಗ ಮತ್ತೆ 3. ಅದಕ್ಕೇ ದಾರದ ತುದಿಗೆ ಒಂದು ಗಟ್ಟಿ ಕ್ಲಿಪ್ ಹಾಕಿಕೊಳ್ಳಿ. ಬದಲಿಸಲು ಹತ್ತು ಸೆಕೆಂಡ್ ಸಾಕು. ಗಂಟು ಬಿಚ್ಚಿ ಕಟ್ಟುವ ಸೋಮಾರಿತನದಲ್ಲೇ ಎಷ್ಟೋ ಜನ ತಪ್ಪು ತೂಕದಲ್ಲಿ ದಿನ ಕಳೆಯುತ್ತಾರೆ.

ಸರಿ, ಈಗ ಬಣ್ಣ ಹೇಳಿ.

ಬಿಳಿ. ನೀರು ಕಲಕಿದ್ದರೆ, ಮೋಡ ಕವಿದಿದ್ದರೆ ಶಾರ್ಟ್ರೂಸ್, ಅಂದರೆ ನಿಂಬೆ ಹಸಿರು. ಮೂರನೆಯದು ಗುಲಾಬಿ, ಬೊಂಡಾಸ್ ಓಡಾಡುವ ಜಾಗಕ್ಕೆ. ನನ್ನ ಪೆಟ್ಟಿಗೆಯಲ್ಲಿ ಈ ಮೂರೇ ಇರುವುದು. ಒಂದು ಉಪಾಯ ಇದೆ: ಜಿಗ್‌ಗೆ ಒಂದು ಬಣ್ಣ, ಮೇಲಿನ ಎರಡನೇ ಗಾಳವಾದ ಟೀಸರ್‌ಗೆ ಇನ್ನೊಂದು ಬಣ್ಣ ಹಾಕಿ. ಮೂರು ನಾಲ್ಕು ಮೀನು ಸತತವಾಗಿ ಒಂದೇ ಬಣ್ಣಕ್ಕೆ ಬಂದರೆ ಆಗ ಎರಡನ್ನೂ ಅದೇ ಮಾಡಿ.

ಟೀಸರ್ ಅಂದರೇನು? ಬೇಕೇ ಬೇಕಾ?

ಜಿಗ್‌ನ ಮೇಲೆ ಒಂದು ಒಂದೂವರೆ ಅಡಿ ಎತ್ತರದಲ್ಲಿ ಕಟ್ಟುವ ತೂಕವಿಲ್ಲದ ಎರಡನೇ ಗಾಳ. ಬರೀ ಗಾಳ ಇರಬಹುದು, ಅಥವಾ ಒಂದಿಷ್ಟು ಕೂದಲು ಸುತ್ತಿದ್ದಿರಬಹುದು. ಅದರಲ್ಲಿ ಗಲ್ಪ್ ಎಂಬ ಕೃತಕ ಎರೆ ಅಥವಾ ಬೊಂಡಾಸ್ ಪಟ್ಟಿ.

ಬೇಕು ಎಂದೇ ಹೇಳುತ್ತೇನೆ. ಫ್ಲೂಕಿನ ಕಣ್ಣು ಮೇಲಕ್ಕೆ ನೋಡುವ ಕಣ್ಣು. ಕೆಳಗೆ ಜಿಗ್ ಟಕ್ ಟಕ್ ಎಂದು ಮರಳು ಎಬ್ಬಿಸಿ ಗಮನ ಸೆಳೆಯುತ್ತದೆ. ಮೀನು ತಿರುಗಿ ನೋಡಿದರೆ ಮೇಲೆ ಇನ್ನೊಂದು ಸಣ್ಣ ಮೀನು ಸುಮ್ನೆ ತೇಲಾಡುತ್ತಿರುತ್ತದೆ. ಎಷ್ಟೋ ದಿನ ನನ್ನ ಅರ್ಧಕ್ಕಿಂತ ಹೆಚ್ಚು ಮೀನು ಟೀಸರ್‌ಗೇ ಬಂದಿವೆ. ಒಮ್ಮೊಮ್ಮೆ ಎರಡೂ ಗಾಳದಲ್ಲಿ ಒಂದೊಂದು ಬರುತ್ತದೆ. ಆಗ ದೋಣಿಯಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ!

ರಿಗ್, ಅಂದರೆ ಗಾಳ-ತೂಕದ ಈ ಜೋಡಣೆ, ಕಟ್ಟುವುದನ್ನು ಒಂದೊಂದೇ ಹಂತವಾಗಿ ಹೇಳುತ್ತೀರಾ?

ಮನೆಯಲ್ಲಿ, ಟೇಬಲ್ ಮುಂದೆ ಕೂತು ಕಟ್ಟಿ. ಅಲುಗಾಡುವ ದೋಣಿಯಲ್ಲಿ ಮೊದಲ ಸಲ ಕಲಿಯಲು ಹೋಗಬೇಡಿ.

30 ಪೌಂಡ್ ಭಾರ ತಡೆಯುವ ಫ್ಲೂರೋಕಾರ್ಬನ್ ದಾರ ಐದು ಅಡಿ ಕತ್ತರಿಸಿಕೊಳ್ಳಿ. ನಮ್ಮ ಕಡೆಯ ತಂಗೂಸಿನ ಹಾಗೇ ಇರುತ್ತದೆ, ಇನ್ನೂ ಬಿರುಸು. ಒಂದು ತುದಿಯಿಂದ ಸುಮಾರು ಎರಡು ಅಡಿ ಬಿಟ್ಟು ಅಂಗೈ ಅಗಲದ ಒಂದು ಉಂಗುರ ಮಾಡಿ. ದಾರ ಒಂದರ ಮೇಲೊಂದು ದಾಟುವ ಜಾಗವನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು, ಒಂದು ಎಳೆಯನ್ನು ಇನ್ನೊಂದರ ಸುತ್ತ ಐದಾರು ಸಲ ಸುತ್ತಿ. ಸುತ್ತಿನ ನಟ್ಟನಡುವೆ ಒಂದು ಸಣ್ಣ ಕಿಂಡಿ ತೆರೆದಿಟ್ಟುಕೊಳ್ಳಿ. ಒಂದು ಬೆಂಕಿಕಡ್ಡಿ ತೂರಿಸಿಟ್ಟರೆ ಕಿಂಡಿ ಮುಚ್ಚುವುದಿಲ್ಲ. ಈಗ ಉಂಗುರದ ಎದುರು ಬದಿಯನ್ನು ಆ ಕಿಂಡಿಯೊಳಗಿಂದ ಹೊರಗೆ ಎಳೆದು ಹಲ್ಲಲ್ಲಿ ಕಚ್ಚಿ ಹಿಡಿಯಿರಿ. ಗಂಟನ್ನು ಎಂಜಲಲ್ಲಿ ಒದ್ದೆ ಮಾಡಿ. ಎರಡೂ ಕೈಯಿಂದ ದಾರದ ಎರಡು ಬದಿ ಎಳೆಯಿರಿ. ಸುತ್ತುಗಳೆಲ್ಲ ಒತ್ತಿಕೊಂಡು ಸಾಲಾಗಿ ಕೂರುತ್ತವೆ, ಅಡ್ಡಕ್ಕೆ ಒಂದು ಕುಣಿಕೆ ನಿಲ್ಲುತ್ತದೆ. ಇದೇ ಡ್ರಾಪರ್ ಲೂಪ್. ಒದ್ದೆ ಮಾಡದೆ ಎಳೆದರೆ ದಾರ ಬಿಸಿಯಾಗಿ ಸುಟ್ಟಂತೆ ಬೆಳ್ಳಗಾಗುತ್ತದೆ. ಆ ಗಂಟನ್ನು ನಂಬಬೇಡಿ, ಕತ್ತರಿಸಿ ಮತ್ತೆ ಕಟ್ಟಿ.

ಕುಣಿಕೆ ಮೂರು ನಾಲ್ಕು ಇಂಚು ಇರಲಿ. ಅದಕ್ಕಿಂತ ಉದ್ದವಾದರೆ ಟೀಸರ್ ಮುಖ್ಯ ದಾರಕ್ಕೆ ಸುತ್ತಿಕೊಳ್ಳುತ್ತದೆ. ಕುಣಿಕೆಯ ತುದಿಯನ್ನು 4/0 ಅಳತೆಯ ಗಾಳದ ಕಣ್ಣಿನೊಳಗೆ ತೂರಿಸಿ, ಗಾಳವನ್ನೇ ಕುಣಿಕೆಯೊಳಗಿಂದ ದಾಟಿಸಿ ಎಳೆದರೆ ಗಂಟಿಲ್ಲದೆ ನಿಲ್ಲುತ್ತದೆ.

ಎರಡು ಅಡಿ ಬಿಟ್ಟ ಕೆಳಗಿನ ತುದಿಗೆ ಕ್ಲಿಪ್, ಕ್ಲಿಪ್‌ಗೆ ಬಕ್‌ಟೇಲ್. ಮೇಲಿನ ತುದಿಗೆ ಒಂದು ಚಿಕ್ಕ ಸ್ವಿವೆಲ್ (ತಿರುಗುವ ಕೊಂಡಿ). ರೀಲಿನಿಂದ ಬರುವ ಮುಖ್ಯ ದಾರವನ್ನು ಸ್ವಿವೆಲ್‌ನ ಇನ್ನೊಂದು ಕಣ್ಣಿಗೆ ಪಾಲೊಮಾರ್ ಗಂಟು ಹಾಕಿ ಕಟ್ಟಿ. ಕೈ ಪಳಗಿದ ಮೇಲೆ ಸ್ವಿವೆಲ್ ಬಿಟ್ಟು ದಾರಕ್ಕೆ ದಾರವನ್ನೇ ಡಬಲ್ ಯೂನಿ ಗಂಟಿನಲ್ಲಿ ಸೇರಿಸಬಹುದು. ಇಂಥ ಐದಾರು ರಿಗ್ ಮೊದಲೇ ಕಟ್ಟಿ, ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರ್‌ನಲ್ಲಿ ಸುತ್ತಿಡಿ.

ಮುಖ್ಯ ದಾರ ಯಾವುದು?

ಹೆಣೆದ ದಾರ, ಅಂದರೆ ಬ್ರೇಡ್. ದೋಣಿಗೆ 15ರಿಂದ 20 ಪೌಂಡ್, ದಡಕ್ಕೆ 10ರಿಂದ 15. ಬ್ರೇಡ್ ಹಿಗ್ಗುವುದಿಲ್ಲ, ತೆಳ್ಳಗಿರುತ್ತದೆ. ಅರವತ್ತು ಅಡಿ ಕೆಳಗೆ ಜಿಗ್ ಮರಳಿಗೆ ಬಿತ್ತೋ, ಚಿಪ್ಪಿನ ಮೇಲೆ ಬಿತ್ತೋ ಎಂಬುದು ಸಹ ಬೆರಳಿಗೆ ಗೊತ್ತಾಗುತ್ತದೆ. ತೆಳ್ಳಗಿದ್ದರೆ ಸೆಳೆತ ಕಡಿಮೆ ಹಿಡಿಯುತ್ತದೆ, ಕಡಿಮೆ ತೂಕದಲ್ಲೇ ತಳ ಮುಟ್ಟಬಹುದು. ಫ್ಲೂಕಿನ ಹಲ್ಲಿಗೆ ತಂತಿ ಬೇಕಿಲ್ಲ. ಆದರೆ ಪ್ರತಿ ಮೀನು ಹಿಡಿದ ಮೇಲೂ ಲೀಡರ್, ಅಂದರೆ ಆ ಫ್ಲೂರೋಕಾರ್ಬನ್ ದಾರದ, ಕೊನೆಯ ಒಂದಡಿಯನ್ನು ಉಗುರಲ್ಲಿ ಸವರಿ ನೋಡಿ. ಒರಟಾಗಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ.

ಕೋಲು, ರೀಲು?

ಆರೂವರೆಯಿಂದ ಏಳು ಅಡಿಯ, ತುದಿ ಮಾತ್ರ ಬಾಗುವ, ಹಗುರವಾದ ಕೋಲು. 3000 ಅಥವಾ 4000 ಅಳತೆಯ ಸ್ಪಿನ್ನಿಂಗ್ ರೀಲು. ದಿನವಿಡೀ ಕೈಯಲ್ಲೇ ಹಿಡಿದಿರಬೇಕು. ಅಂಗಡಿಯಲ್ಲೇ ಹತ್ತು ನಿಮಿಷ ಹಿಡಿದು ನೋಡಿ. ಮಣಿಕಟ್ಟು ನೋಯುವುದಾದರೆ ಅದು ನಿಮ್ಮದಲ್ಲ.

ಗಲ್ಪ್ ಒಳ್ಳೆಯದಾ, ನಿಜವಾದ ಬೊಂಡಾಸ್ ಒಳ್ಳೆಯದಾ?

ಗಲ್ಪ್ ಅನ್ನುವುದು ಬರ್ಕ್ಲಿ ಕಂಪನಿಯ ವಾಸನೆ ಹಾಕಿದ ಕೃತಕ ಎರೆ. ನಾಲ್ಕು ಇಂಚಿನ ಸ್ವಿಮ್ಮಿಂಗ್ ಮಲೆಟ್ ಮತ್ತು ಗ್ರಬ್ ಫ್ಲೂಕಿಗೆ ಎಲ್ಲರೂ ಬಳಸುವ ಆಕಾರ. ಇದರ ಬಾಲ ಸುಮ್ಮನಿರುವುದಿಲ್ಲ, ಗಾಳದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ದೊಡ್ಡ ಮೀನೇ ಬೇಕು ಅಂದರೆ ಐದಾರು ಇಂಚಿನದು ಹಾಕಿ.

ನನಗೆ ಆರಿಸಲು ಹೇಳಿದರೆ ಟೀಸರ್‌ಗೆ ಗಲ್ಪ್, ಜಿಗ್‌ಗೆ ಬೊಂಡಾಸ್ ಪಟ್ಟಿ. ಕೂದಲಿನ ಹಿಂದೆ ಬೊಂಡಾಸ್ ಆಡುವ ಹಾಗೆ ಗಲ್ಪ್ ಆಡುವುದಿಲ್ಲ ಅನ್ನುವುದು ನನ್ನ ಅನುಭವ. ಆದರೆ ಅದನ್ನು ಸರಿಯಾಗಿ ಕತ್ತರಿಸಬೇಕು.

ಬೊಂಡಾಸ್ ಅರ್ಧ ಕರಗಿದಾಗಲೇ ಕತ್ತರಿಸಿ, ಪೂರ್ತಿ ಮೆತ್ತಗಾದರೆ ಜಾರುತ್ತದೆ. ತಲೆ ಎಳೆದು ತೆಗೆಯಿರಿ. ಕೊಳವೆಯನ್ನು ಒಂದು ಬದಿ ಸೀಳಿ ಹಲಗೆ ಮೇಲೆ ಚಪ್ಪಟೆ ಬಿಡಿಸಿ. ಒಳಗಿನ ಗಾಜಿನ ಕಡ್ಡಿಯಂಥ ಮೂಳೆ ತೆಗೆಯಿರಿ. ನೇರಳೆ ಚರ್ಮವನ್ನು ಉಗುರಲ್ಲಿ ಎಬ್ಬಿಸಿ ಎಳೆದರೆ ಪೂರ್ತಿ ಸುಲಿದು ಬರುತ್ತದೆ, ಅಡಿಯಲ್ಲಿ ಹಾಲು ಬಿಳುಪು. ಈಗ ಹರಿತ ಚಾಕುವಿನಿಂದ ಐದು ಇಂಚು ಉದ್ದದ ಪಟ್ಟಿ: ಒಂದು ತುದಿ ಮುಕ್ಕಾಲು ಇಂಚು ಅಗಲ, ಇನ್ನೊಂದು ತುದಿ ಸೂಜಿಯ ಹಾಗೆ ಚೂಪು. ಮೊಂಡು ಚಾಕುವಾದರೆ ಅಂಚು ಹರಿದು ಜಡೆಜಡೆಯಾಗುತ್ತದೆ, ನೀರಲ್ಲಿ ತಿರುಚಿಕೊಳ್ಳುತ್ತದೆ.

ಅಗಲ ತುದಿಯ ನಟ್ಟನಡುವೆ ಗಾಳವನ್ನು ಒಂದೇ ಸಲ ಚುಚ್ಚಿ. ಎರಡು ಮೂರು ಸಲ ಪೋಣಿಸಿ ಗಂಟು ಮಾಡಬೇಡಿ. ಪಟ್ಟಿ ರಿಬ್ಬನ್ನಿನ ಹಾಗೆ ನೀಟಾಗಿ ಹಾರಬೇಕು, ಬುಗುರಿಯ ಹಾಗೆ ಸುತ್ತಬಾರದು. ನೀರಿಗೆ ಬಿಡುವ ಮೊದಲು ದೋಣಿ ಪಕ್ಕ ಒಂದಡಿ ಆಳದಲ್ಲಿ ಎಳೆದು ನೋಡಿ. ಸುತ್ತುತ್ತಿದ್ದರೆ ತೆಗೆದು ಮತ್ತೆ ಚುಚ್ಚಿ. ಗಲ್ಪ್‌ಗೂ ಇದೇ ಪರೀಕ್ಷೆ.

ಗಲ್ಪ್ ಗಾಳದಲ್ಲೇ ಕಲ್ಲಾಗಿ ಹೋಯಿತು. ಯಾಕೆ?

ಅದು ನೀರಿನಂಶದಿಂದ ಮಾಡಿದ್ದು. ಬಿಸಿಲಿಗೆ ಬಿಟ್ಟರೆ ಒಣಗಿ ಗಾಳಕ್ಕೆ ಅಂಟಿಕೊಂಡುಬಿಡುತ್ತದೆ. ಜಾಗ ಬದಲಿಸುವಾಗ ತೆಗೆದು ರಸದ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ. ಮಾಮೂಲಿ ಪ್ಲಾಸ್ಟಿಕ್ ಲೂರ್‌ಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಇನ್ನು, ಆ ರಸ ಕಾರಿನ ಸೀಟಿಗೆ ಚೆಲ್ಲಿದರೆ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಡಬ್ಬಿಯನ್ನು ಬಕೆಟ್ಟಿನಲ್ಲಿಟ್ಟೇ ಸಾಗಿಸಿ.

ದುಡ್ಡು ಕೊಟ್ಟು ಹತ್ತುವ ಪಾರ್ಟಿ ಬೋಟ್‌ನಲ್ಲಿ ಕೊಡುವ ರಿಗ್ ಸಾಕಾಗುವುದಿಲ್ಲವಾ?

ಮೊದಲ ದಿನಕ್ಕೆ ಧಾರಾಳ ಸಾಕು. ಮೂರು ಕಣ್ಣಿನ ಒಂದು ಸ್ವಿವೆಲ್ ಇರುತ್ತದೆ. ಒಂದಕ್ಕೆ ಮೇಲಿನ ದಾರ, ಒಂದಕ್ಕೆ ಸೀಸದ ಗುಂಡು, ಒಂದಕ್ಕೆ ಮೂರಡಿ ದಾರ ಮತ್ತು ಗಾಳ. ಬೊಂಡಾಸ್, ಸ್ಪಿಯರಿಂಗ್ ಎಂಬ ಬೆಳ್ಳಿ ಬಣ್ಣದ ಸಣ್ಣ ಮೀನು ಅವರೇ ಕೊಡುತ್ತಾರೆ. ಬೋಟ್ ತೇಲುತ್ತಾ ಹೋದಂತೆ ಎರೆ ತಳದಲ್ಲಿ ಎಳೆದುಕೊಂಡು ಬರುತ್ತದೆ. ಮಕ್ಕಳಿಗೆ, ದಿನವಿಡೀ ಕೋಲು ಆಡಿಸಲು ಆಗದವರಿಗೆ ಇದೇ ಒಳ್ಳೆಯದು. ದೋಣಿ ಚೆನ್ನಾಗಿ ತೇಲುತ್ತಿದ್ದರೆ ಇದರಲ್ಲೂ ದೊಡ್ಡ ಮೀನು ಬರುತ್ತದೆ. ಜಿಗ್ ಗೆಲ್ಲುವುದು ದೋಣಿ ನಿಧಾನವಾದಾಗ, ಯಾಕೆಂದರೆ ಚಲನೆಯನ್ನು ನೀವೇ ಕೊಡುತ್ತೀರಿ.

ತೇಲುವ ವೇಗ ಎಷ್ಟಿದ್ದರೆ ಚೆನ್ನ?

ಗಂಟೆಗೆ ಸುಮಾರು ಒಂದು ಮೈಲಿ. ನಡೆಯುವುದಕ್ಕಿಂತ ನಿಧಾನ. ಗಾಳಿ ಒಂದು ಕಡೆ, ಸೆಳೆತ ಇನ್ನೊಂದು ಕಡೆ ಇದ್ದರೆ ದೋಣಿ ನಿಂತಲ್ಲೇ ನಿಲ್ಲುತ್ತದೆ, ಮೀನೂ ಕಚ್ಚುವುದಿಲ್ಲ. ನೀರು ನಿಂತ ಹೊತ್ತಿನಲ್ಲಿ ಊಟ ಮುಗಿಸಿಕೊಳ್ಳಿ.

ಜಿಗ್ ಆಡಿಸುವುದು ಹೇಗೆ? ಕಚ್ಚಿದ್ದು ಹೇಗೆ ಗೊತ್ತಾಗುತ್ತದೆ?

ತಳ ಮುಟ್ಟಿಸಿ. ಮಣಿಕಟ್ಟಿನಿಂದ ಕೋಲಿನ ತುದಿಯನ್ನು ನಾಲ್ಕು ಇಂಚು ಎತ್ತಿ ಇಳಿಸಿ. ಟಕ್, ಟಕ್, ಟಕ್, ಸ್ವಲ್ಪ ಬಿಡುವು. ಮತ್ತೆ ಟಕ್, ಟಕ್. ಹೊಸಬರು ಮಾಡುವ ತಪ್ಪು ಒಂದೇ: ಕೋಲನ್ನು ತಲೆ ಮೇಲಿನವರೆಗೂ ಎತ್ತುತ್ತಾರೆ. ಜಿಗ್ ನಾಲ್ಕಡಿ ಹಾರುತ್ತದೆ, ದಾರ ಸಡಿಲವಾಗುತ್ತದೆ, ಆ ಸಡಿಲದಲ್ಲೇ ಮೀನು ಕಚ್ಚಿ ಉಗುಳಿ ಹೋಗಿರುತ್ತದೆ. ಇಳಿಸುವಾಗಲೂ ದಾರ ಬಿಗಿಯಾಗಿಯೇ ಇರಲಿ. ಹೆಚ್ಚಿನ ಮೀನು ಕಚ್ಚುವುದು ಜಿಗ್ ಇಳಿಯುವಾಗ.

ಕಚ್ಚುವುದು ಎಂದರೆ ಜೋರು ಎಳೆತ ಎಂದು ಕಾಯಬೇಡಿ. ಹೆಚ್ಚಿನ ಸಲ ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಸುಮ್ನೆ ಭಾರವಾಗುತ್ತದೆ. ಅಥವಾ ಬರಬೇಕಾದ "ಟಕ್" ಬರುವುದೇ ಇಲ್ಲ. ಅನುಮಾನ ಬಂದರೆ ಮೆಲ್ಲಗೆ ಎತ್ತಿ. ಭಾರ ಜೀವಂತವಾಗಿದ್ದರೆ, ಅಂದರೆ ತಲೆ ಕೊಡವಿದ ಹಾಗೆ "ದಬ್ ದಬ್" ಅಂದರೆ, ನೆಟ್ಟಗೆ ಮೇಲಕ್ಕೆ ಎಳೆದು ಸುತ್ತಲು ಶುರು ಮಾಡಿ. ಜಿಗ್‌ಗೆ ಕಾಯಬೇಕಿಲ್ಲ. ಎರೆ ಹಾಕಿದ ಮೂರು ಕಣ್ಣಿನ ರಿಗ್ ಆದರೆ ಮಾತ್ರ ಕೋಲಿನ ತುದಿ ಸ್ವಲ್ಪ ಬಗ್ಗಿಸಿ, ಎರಡು ಮೂರು ಎಣಿಸಿ, ಆಮೇಲೆ ಎತ್ತಿ.

ಬಾಲ ಮಾತ್ರ ಕಚ್ಚಿ ತುಂಡು ಮಾಡಿ ಹೋಗುತ್ತಿದೆ. ಏನು ಮಾಡಲಿ?

ಹೆಚ್ಚಾಗಿ ಅದು ಚಿಕ್ಕ ಮೀನಿನ ಕೆಲಸ. ಪಟ್ಟಿಯನ್ನು ಒಂದು ಇಂಚು ಗಿಡ್ಡ ಮಾಡಿ. ಕಚ್ಚಿದ್ದು ತಪ್ಪಿದರೆ ಮೇಲಕ್ಕೆ ಸುತ್ತಬೇಡಿ, ಅಲ್ಲೇ ತಳಕ್ಕೆ ಬಿಟ್ಟು ಎರಡು ಸಲ ಕುಣಿಸಿ. ಫ್ಲೂಕ್ ಹಟಮಾರಿ, ಹಿಂದೆಯೇ ಬಂದು ಮತ್ತೆ ಹಿಡಿಯುತ್ತದೆ.

ಬರೀ ಸೀ ರಾಬಿನ್ ಮತ್ತು ತೊರಕೆಯಂಥದ್ದೇ ಬರುತ್ತಿವೆ.

ಸೀ ರಾಬಿನ್ ಅಂದರೆ ರೆಕ್ಕೆ ಬಿಚ್ಚಿ ಗೊರಗೊರ ಸದ್ದು ಮಾಡುವ ಮುಳ್ಳುತಲೆಯ ಮೀನು. ತೊರಕೆಯಂಥದ್ದು ಎಂದು ನೀವು ಹೇಳುವುದು ಸ್ಕೇಟ್. ಎರಡೂ ಬಂದವು ಅಂದರೆ ನಿಮ್ಮ ಲೂರ್ ತಳದಲ್ಲೇ ಇದೆ ಅಂತ ಅರ್ಥ, ಅದು ಒಳ್ಳೆಯದೇ. ಜಿಗ್ ಎಳೆಯುವುದು ಬಿಟ್ಟು ಚುರುಕಾಗಿ ಕುಣಿಸಿ, ಸ್ಕೇಟ್ ಕಡಿಮೆಯಾಗುತ್ತದೆ. ಆಮೇಲೂ ಅವೇ ಬಂದರೆ ಜಾಗ ಬದಲಿಸಿ. ಸೀ ರಾಬಿನ್‌ನ ಹೊಟ್ಟೆಯ ಬಿಳಿ ಮಾಂಸವನ್ನು ಬೊಂಡಾಸಿನ ಹಾಗೇ ಪಟ್ಟಿ ಮಾಡಿದರೆ ಗಟ್ಟಿಯಾದ ಒಳ್ಳೆಯ ಎರೆ.

ಬಂಡೆ, ಮುಳುಗಿದ ಹಡಗಿನ ಹತ್ತಿರ ಜಿಗ್‌ಗಳು ಸಿಕ್ಕಿಕೊಂಡು ಹೋಗುತ್ತಿವೆ.

ಅಲ್ಲಿ ಬಕ್‌ಟೇಲ್ ಬದಲು ತುದಿಗೆ ಬರೀ ಸೀಸದ ಗುಂಡು ಕಟ್ಟಿ, ಅದೂ 12 ಪೌಂಡಿನ ತೆಳ್ಳಗಿನ ದಾರದ ತುಂಡಿನಲ್ಲಿ. ಮೇಲೆ ಎರಡು ಟೀಸರ್. ಸಿಕ್ಕಿಕೊಂಡರೆ ತೆಳ್ಳಗಿನ ದಾರ ಕಡಿದು ಗುಂಡು ಮಾತ್ರ ಹೋಗುತ್ತದೆ, ಉಳಿದದ್ದೆಲ್ಲ ಕೈಗೆ ಬರುತ್ತದೆ.

ದೋಣಿ ಇಲ್ಲ. ದಡದಿಂದ ಆಗುತ್ತಾ?

ಖಂಡಿತ ಆಗುತ್ತದೆ, ಮತ್ತು ನನಗೆ ಇದರಲ್ಲೇ ಖುಷಿ ಜಾಸ್ತಿ. ಮುಕ್ಕಾಲರಿಂದ ಒಂದೂವರೆ ಔನ್ಸಿನ ಬಕ್‌ಟೇಲ್, ಇಲ್ಲವೇ ಅರ್ಧ ಔನ್ಸಿನ ಜಿಗ್ ತಲೆಗೆ ಗಲ್ಪ್. ದೂರ ಎಸೆಯುವ ಆಸೆ ಬಿಡಿ. ಅಲೆ ಒಡೆದು ವಾಪಸ್ ಜಾರುವ ಕಡೆ ಮರಳು ಒಮ್ಮೆಲೇ ತಗ್ಗಾಗುತ್ತದೆ. ಫ್ಲೂಕ್ ಆ ತಗ್ಗಿನ ಅಂಚಿನಲ್ಲಿ, ನಿಮ್ಮ ಕಾಲಿನಿಂದ ಹತ್ತಿಪ್ಪತ್ತು ಅಡಿಯಲ್ಲೇ ಮಲಗಿರುತ್ತದೆ. ಮೊಣಕಾಲ ನೀರಿಗೆ ಇಳಿದವರು ಮೀನನ್ನು ತುಳಿದು ಓಡಿಸಿ ಆಮೇಲೆ ದೂರಕ್ಕೆ ಎಸೆಯುತ್ತಾರೆ! ಒಣ ಮರಳಲ್ಲೇ ನಿಂತು ದಡಕ್ಕೆ ಓರೆಯಾಗಿ ಎಸೆಯಿರಿ, ತಳದಲ್ಲಿ ಕುಣಿಸುತ್ತಾ ಕೊನೆಯ ಅಡಿಯವರೆಗೂ ತನ್ನಿ. ಕಲ್ಲಿನ ಜೆಟ್ಟಿಯಾದರೆ ಕಲ್ಲು ಮುಗಿದು ಮರಳು ಶುರುವಾಗುವ ಗೆರೆಯ ಉದ್ದಕ್ಕೂ.

ಮೇಲೆ ಬಂದ ಮೀನು ದೋಣಿ ಪಕ್ಕವೇ ತಪ್ಪಿಸಿಕೊಳ್ಳುತ್ತದೆ.

ಫ್ಲೂಕ್ ಎಷ್ಟೋ ಸಲ ಗಾಳ ನುಂಗದೆ ಬರೀ ಹಲ್ಲಲ್ಲಿ ಕಚ್ಚಿ ಜೋತುಬಿದ್ದು ಬರುತ್ತದೆ. ಬೆಳಕು ಕಂಡೊಡನೆ ಬಿಟ್ಟುಬಿಡುತ್ತದೆ. ಆದ್ದರಿಂದ ತಲೆಯನ್ನು ನೀರಿನಿಂದ ಹೊರಗೆ ಎತ್ತಬೇಡಿ. ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು, ಮೀನನ್ನು ತಲೆ ಮುಂದಾಗಿ ಅದರೊಳಗೆ ನಡೆಸಿ. ಬಾಲದ ಕಡೆಯಿಂದ ಬಲೆ ತಾಗಿಸಿದರೆ ಚಿಮ್ಮಿ ಹೋಗುತ್ತದೆ. ಸುತ್ತುವಾಗ ಒಂದೇ ವೇಗ, ಕೋಲು ಎತ್ತಿ ಇಳಿಸಿ ಪಂಪ್ ಮಾಡಬೇಡಿ.

ಅಳತೆಗೆ ಬಾರದ್ದನ್ನು ಬಿಡುವುದು ಹೇಗೆ?

ಕೈ ಒದ್ದೆ ಮಾಡಿಕೊಳ್ಳಿ. ಕಿವಿರಿಗೆ ಬೆರಳು ಹಾಕಬೇಡಿ. ಗಾಳ ಒಳಗೆ ನುಂಗಿದ್ದರೆ ಎಳೆಯದೆ ದಾರವನ್ನು ಹತ್ತಿರದಲ್ಲೇ ಕತ್ತರಿಸಿ. ಮೇಲಿಂದ ಎಸೆಯಬೇಡಿ, ನೀರಿನ ಹತ್ತಿರ ಬಾಗಿ ಬಿಡಿ. ಜಿಗ್‌ನಲ್ಲಿ ಹೆಚ್ಚಾಗಿ ತುಟಿಗೇ ಚುಚ್ಚುತ್ತದೆ. ನಾನು ಎರೆಯ ರಿಗ್‌ಗಿಂತ ಜಿಗ್ ಇಷ್ಟಪಡುವುದಕ್ಕೆ ಇದೂ ಒಂದು ಕಾರಣ.

ಅಡುಗೆಗೆ ಹೇಗೆ?

ಮೇಲಿನ ಬದಿಯಲ್ಲಿ ಎರಡು, ಕೆಳಗಿನ ಬದಿಯಲ್ಲಿ ಎರಡು, ಒಟ್ಟು ನಾಲ್ಕು ಹೋಳು ಎದ್ದು ಬರುತ್ತವೆ, ಮುಳ್ಳಿಲ್ಲ. ಮಾಂಸ ತೆಳು ರುಚಿಯದು, ಬಂಗುಡೆಯ ಹಾಗೆ ಖಾರ ತಡೆಯುವುದಿಲ್ಲ. ಮಸಾಲೆ ಅರ್ಧ ಮಾಡಿ, ರವೆ ಹಚ್ಚಿ, ಕಾವಲಿಯಲ್ಲಿ ಬದಿಗೆ ಎರಡೆರಡು ನಿಮಿಷ. ತಲೆ, ಎಲುಬು ಸಾರಿಗೆ.

ಶುಚಿ ಮಾಡುವಾಗ ಒಂದು ಕೆಲಸ ಮಾತ್ರ ಮರೆಯಬೇಡಿ. ಹೊಟ್ಟೆಯ ಚೀಲ ಎಸೆಯುವ ಮೊದಲು ಸೀಳಿ ನೋಡಿ. ಕಳೆದ ಜುಲೈಯಲ್ಲಿ ನನಗೆ ಸಿಕ್ಕ ಒಂದು ಮೀನಿನ ಹೊಟ್ಟೆಯಲ್ಲಿ ಪೆನ್ಸಿಲಿಗಿಂತ ತೆಳ್ಳಗಿನ ಸ್ಯಾಂಡ್ ಈಲ್ ಎಂಬ ಮೀನು ಹನ್ನೊಂದು ಇದ್ದವು, ಒಂದೊಂದೂ ನಾಲ್ಕು ಇಂಚು. ಮುಂದಿನ ಶನಿವಾರ ಬೊಂಡಾಸ್ ಪಟ್ಟಿಗಳನ್ನೆಲ್ಲ ಅದೇ ಉದ್ದಕ್ಕೆ, ಅರ್ಧ ಅಗಲಕ್ಕೆ ಕತ್ತರಿಸಿಕೊಂಡು ಅದೇ ಜಾಗಕ್ಕೆ ಹೋದೆ. ಮಧ್ಯಾಹ್ನದೊಳಗೆ ಅಳತೆಯ ಮೂರೂ ಮೀನು ಪೆಟ್ಟಿಗೆಯಲ್ಲಿದ್ದವು.